ಬಾಯ್ಲರಿನ ಹಿಂದಿನ ಬಾಣಂತಿಯರು

ಸೋಫಿಯಾ
3 ಮಾರ್ಚ್ 2010

ಪ್ರೀತಿಯ ಯೋನ್ಕಾ ಅತ್ತೆಗೆ,

ನೀವು ಹೊಸೆದು ಕಳಿಸಿದ ಮಾರ್ತೆನಿತ್ಸಾ, ನಮ್ಮ ಮಾರ್ಚ್ ತಿಂಗಳ ಶುಭದ ದಾರ, ಒಂದನೇ ತಾರೀಖಿನ ಬೆಳಿಗ್ಗೆಯೇ ಕೈಸೇರಿತು. ಆಫೀಸಿನಲ್ಲಿ ಎಲ್ಲರೂ ಅಂಗಡಿಯಲ್ಲಿ ಕೊಂಡ ದಾರ ಕಟ್ಟಿಕೊಂಡು ಬಂದಿದ್ದರು. ಅತ್ತೆಯೊಬ್ಬಳು ಕೈಯಾರೆ ಹೊಸೆದ ಕೆಂಪು-ಬಿಳಿ ದಾರ ಇದ್ದದ್ದು ನನ್ನ ಮಣಿಕಟ್ಟಿನಲ್ಲಿ ಮಾತ್ರ. ಮೊದಲ ಕೊಕ್ಕರೆ ಕಾಣುವ ತನಕ ಬಿಚ್ಚುವುದಿಲ್ಲ. ಸೋಫಿಯಾದಲ್ಲಿ ಕೊಕ್ಕರೆ ಎಲ್ಲಿಂದ ಬರಬೇಕು ಎಂದು ನಗಬೇಡಿ, ಹೂ ಬಿಟ್ಟ ಮರವಾದರೂ ಸಿಕ್ಕೀತು.

ಈಗ ಕೆಲಸದ ಮಾತು. ನಿಮ್ಮ ಗೊರ್ನೊಪೊಲೆಯ ಕಾರ್ಖಾನೆಯನ್ನು ಕೊಂಡವರ ಕೈಯಲ್ಲಿ ಈಗ ಇಂಥವೇ ಐದು ಕಾರ್ಖಾನೆಗಳಿವೆಯಂತೆ. ಐದರಲ್ಲೂ ಮೆಣಸಿನಕಾಯಿ ಬೇಯಿಸಿ ಜಾಡಿಗೆ ತುಂಬುತ್ತಾರೆ, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ನೀವು 'ಒಂದು ಬೇಯಿಕೆ' ಎಂದರೆ ಒಂದು ಹಂಡೆ. ಇನ್ನೊಂದು ಊರಿನವರಿಗೆ ಅದು ಇಡೀ ದಿನದ ಕೆಲಸ. ಇದನ್ನೆಲ್ಲ ಕಂಪ್ಯೂಟರಿಗೂ ಅರ್ಥವಾಗುವಂತೆ ಬಿಡಿಸಿ ಬರೆಯುವ ಕೆಲಸ ನಮ್ಮ ಕಂಪನಿಗೆ ಸಿಕ್ಕಿದೆ. ಯಾವ ವಸ್ತು ಯಾವ ಜಾತಿಯದು, ಯಾವ ಕೆಲಸ ಯಾರದು, ಯಾವುದಾದ ಮೇಲೆ ಯಾವುದು ಎಂಬ ಅರ್ಥಗಳ ನಕ್ಷೆ. ಆಂಟಾಲಜಿ ಎನ್ನುತ್ತೇವೆ. ನಕ್ಷೆ ಸರಿಯಿದ್ದರೆ ಯಂತ್ರ ತಾನೇ ತರ್ಕ ಮಾಡಿ ಎಲ್ಲಿ ತಪ್ಪಿದೆ, ಎಲ್ಲಿ ಸಮಯ ಹಾಳಾಗುತ್ತಿದೆ ಎಂದು ಹೇಳುತ್ತದೆ.

ನಿಮ್ಮ ಕಾರ್ಖಾನೆಯ ನಕ್ಷೆಯನ್ನು ನನಗೇ ಕೊಟ್ಟಿದ್ದಾರೆ. "ಅಲ್ಲಿ ನಮ್ಮತ್ತೆ, ನಮ್ಮಪ್ಪನ ಅಕ್ಕ ಇದ್ದಾರೆ, ನಲವತ್ತು ವರ್ಷದಿಂದ ಹಂಡೆ ಕಾಯ್ತಿದಾರೆ" ಎಂದು ಬಾಯಿಬಿಟ್ಟದ್ದರ ಫಲ. ಮೆಣಸಿನಕಾಯಿ ಗೇಟಿನೊಳಗೆ ಬಂದಲ್ಲಿಂದ ಜಾಡಿಗಳ ಲಾರಿ ಹೊರಡುವ ತನಕ ಏನೇನು ನಡೆಯುತ್ತದೆ ಎಂದು ಒಂದೊಂದಾಗಿ ಬರೆದು ಕಳಿಸುತ್ತೀರಾ? ಫೋನ್ ಮಾಡಬಹುದಿತ್ತು. ಆದರೆ ಆವಿಯ ಸದ್ದು ನಿಮ್ಮ ಕಿವಿಯನ್ನು ತಿಂದು ಹಾಕಿದೆ, ನಾನು ಕೂಗಿ ಕೂಗಿ ಗಂಟಲು ಹರಿದುಕೊಳ್ಳುವುದು ನನ್ನ ಪಕ್ಕದ ಮೇಜಿನವರಿಗೆ ಬೇಡವಾಗಿದೆ.

ಏನಾದರೂ ಬಿಟ್ಟುಹೋದರೆ ಹೆದರಬೇಡಿ. ನಮ್ಮ ಕಸುಬಿನ ಮೊದಲ ಪಾಠ ಏನು ಗೊತ್ತೇ? ಹೇಳದೆ ಬಿಟ್ಟದ್ದು 'ಇಲ್ಲ' ಎಂದಲ್ಲ, 'ಇನ್ನೂ ಗೊತ್ತಿಲ್ಲ' ಎಂದಷ್ಟೇ.

ನಿಮ್ಮ
ನೆವೆನಾ


ಗೊರ್ನೊಪೊಲೆ
14 ಮಾರ್ಚ್ 2010

ಪ್ರೀತಿಯ ನೆವಿ,

ನಿನ್ನ ಕಾಗದ ಓದಿ ಬಾಯ್ಲರಿನ ಸ್ಪಾಸನಿಗೂ ಓದಿ ಹೇಳಿದೆ. "ನಾವು ಏನ್ ಮಾಡ್ತೀವಿ ಅಂತ ಮಿಷನ್ನಿಗೆ ಹೇಳ್ಕೊಡ್ತಾರಂತಾ? ನಮ್ ಮ್ಯಾನೇಜರ್ ಕರಾಜೋವನಿಗೆ ಮೊದ್ಲು ಹೇಳ್ಕೊಡೋಕೆ ಹೇಳು" ಎಂದ. ಅವನ ಬಾಯಿ ಹಾಗೆಯೇ, ನೀನು ಬಲ್ಲೆ.

ಕೇಳು. ಗಾಡಿ ಬರುತ್ತದೆ, ಕಾಯಿ ತೂಗುತ್ತೇವೆ. ಕೊಳೆತದ್ದನ್ನು ಹೆಂಗಸರು ಆರಿಸುತ್ತಾರೆ. ತೊಳೆಯುವುದು, ಸುಡುವುದು, ಸಿಪ್ಪೆ ಮತ್ತು ಬೀಜ ತೆಗೆಯುವುದು, ಟೊಮೆಟೊ ಜೊತೆ ರುಬ್ಬುವುದು, ಕುದಿಸುವುದು, ಜಾಡಿಗೆ ತುಂಬುವುದು, ಮುಚ್ಚಳ ಬಿಗಿಯುವುದು. ಆಮೇಲೆ ಮುಚ್ಚಿದ ಜಾಡಿಗಳನ್ನು ಆವಿಯಲ್ಲಿ ಬೇಯಿಸುವ ನನ್ನ ಹಂಡೆ. ಎರಡು ಇವೆ, ಎರಡನೆಯದರ ಉಷ್ಣಮಾಪಕದ ಮುಳ್ಳು ಒಮ್ಮೊಮ್ಮೆ ಮುನಿಸಿಕೊಂಡು ನಿಂತುಬಿಡುತ್ತದೆ, ಬೆರಳಲ್ಲಿ ತಟ್ಟಬೇಕು. ಬೆಂದ ಜಾಡಿ ಆರಿದ ಮೇಲೆ ಚೀಟಿ ಅಂಟಿಸಿ ಗೋದಾಮಿಗೆ. ಅಲ್ಲಿಂದ ದಿಮ್ಚೊ ಲಾರಿಗೆ ಹೇರುತ್ತಾನೆ. ಎಣಿಸಿದೆ, ಹನ್ನೊಂದೋ ಹನ್ನೆರಡೋ ಆಯಿತು. ಅಷ್ಟೇ. ಇದಕ್ಕೆ ಐದು ವರ್ಷ ಯೂನಿವರ್ಸಿಟಿಯಲ್ಲಿ ಓದಬೇಕಿತ್ತೇ?

ಊಟ ಸರಿಯಾಗಿ ಮಾಡು. ಕಳೆದ ಸಲ ಬಂದಾಗ ನಿನ್ನ ಭುಜದ ಮೂಳೆಗೆ ಕೋಟು ನೇತುಹಾಕಿದಂತಿತ್ತು.

ನಿನ್ನ ಅತ್ತೆ
ಯೋನ್ಕಾ


ಸೋಫಿಯಾ
2 ಏಪ್ರಿಲ್ 2010

ಪ್ರೀತಿಯ ಅತ್ತೆಗೆ,

ನಿಮ್ಮ ಪಟ್ಟಿ ಬಂದ ದಿನವೇ ನಕ್ಷೆ ಶುರುಮಾಡಿದೆ. ತೆರೆಯ ಮೇಲೆ ನಿಮ್ಮ ಹಂಡೆ ಒಂದು ನೀಲಿ ಚೌಕ. ನೀವು ಅದರ ಪಕ್ಕದಲ್ಲಿ ಒಂದು ಹಳದಿ ವೃತ್ತ. ನೋಡಿದರೆ ನಗುತ್ತೀರಿ.

ಈ ಮಾಲೀಕರ ಮುಖ್ಯ ಕಚೇರಿಯವರು ಒಂದು ಕಟ್ಟಪ್ಪಣೆ ಕೊಟ್ಟಿದ್ದಾರೆ: ಬೇಯಿಸುವವರು ಬೇರೆ, ಪರೀಕ್ಷಿಸುವವರು ಬೇರೆ. ಒಬ್ಬರೇ ಎರಡೂ ಆಗಕೂಡದು. ಇದನ್ನು ನಕ್ಷೆಯಲ್ಲಿ ನಿಯಮವಾಗಿಯೇ ಬರೆದಿದ್ದೇನೆ. ಹೀಗೆ ಬರೆದರೆ ಎರಡೂ ಆದ ವ್ಯಕ್ತಿ ಯಂತ್ರದ ಮಟ್ಟಿಗೆ ಹುಟ್ಟುವುದೇ ಸಾಧ್ಯವಿಲ್ಲ. ಪರೀಕ್ಷೆಗೆ ಪ್ಲೊವ್ದಿವ್‌ನ ಪ್ರಯೋಗಾಲಯಕ್ಕೆ ತಿಂಗಳಿಗೊಮ್ಮೆ ಮಾದರಿ ಹೋಗುತ್ತದಂತೆ, ಕರಾಜೋವ್ ಹೇಳಿದರು.

ಬಾಯ್ಲರಿನ ಹಿಂದಿನ ನನ್ನ ಬೆಂಚು ಇನ್ನೂ ಇದೆಯೇ? ಅಮ್ಮ ಆಸ್ಪತ್ರೆಯಲ್ಲಿದ್ದ ಬೇಸಿಗೆ ಪೂರ್ತಿ ಅದರ ಮೇಲೆ ಕೂತು ಲೆಕ್ಕ ಮಾಡುತ್ತಿದ್ದೆ. ಬೆನ್ನಿಗೆ ಬಿಸಿ, ಕಾಲಿಗೆ ತಂಪು.

ನಾಡಿದ್ದು ಈಸ್ಟರ್ ಹಬ್ಬ. ನನ್ನ ಪಾಲಿನ ಕೆಂಪು ಮೊಟ್ಟೆಯನ್ನು ಸ್ಪಾಸನಿಗೆ ಕೊಡಿ.

ನಿಮ್ಮ
ನೆವೆನಾ


ಗೊರ್ನೊಪೊಲೆ
20 ಏಪ್ರಿಲ್ 2010

ಪ್ರೀತಿಯ ನೆವಿ,

ನಿನ್ನ ಬೆಂಚು ಇದೆ. ಬಾಣಂತಿಯರೂ ಇದ್ದಾರೆ, ಅದೇ, ಬೆಚ್ಚಗೆ ಕೂರಿಸಿದ ಜಾಡಿಗಳು. ನೆನಪಿದೆಯೇ, ಅವರ ಮಧ್ಯೆ ಜಾಗ ಮಾಡಿಕೊಂಡು ಕೂತು, "ಅತ್ತೆ, ಬೆಚ್ಚಗೆ ಕೂತಿರೋ ಈ ಬಾಣಂತೀರ ಮಕ್ಕಳೆಲ್ಲಿ?" ಎಂದು ಕೇಳಿದ್ದೆ. ಹೆಂಗಸರೆಲ್ಲ ಒಂದು ವಾರ ನಕ್ಕರು. ಆಗಿನಿಂದಲೇ ಆ ಹೆಸರು ನಿಂತದ್ದು.

ಈಗ ಹುರುಳಿಕಾಯಿ ಬೇಯುತ್ತಿರುವುದರಿಂದ ಬೆಂಚಿನ ಮೇಲೆ ಹೆಚ್ಚು ಜನ ಇಲ್ಲ, ಆರು ಜಾಡಿ ಅಷ್ಟೇ. ಪ್ರತಿ ಬೇಯಿಕೆಯಿಂದ ಎರಡು ತೆಗೆದು ಹದಿನಾಲ್ಕು ದಿನ ಬೆಚ್ಚಗೆ ಕೂರಿಸುತ್ತೇನೆ. ನಮ್ಮದೇ ಲ್ಯಾಬು ಇದ್ದಾಗ ಅಲ್ಲಿನ ಕೆಮಿಸ್ಟಮ್ಮ ಮಾಡುತ್ತಿದ್ದಳು. ಲ್ಯಾಬು ಮುಚ್ಚಿ ಆಕೆಯನ್ನು ಮನೆಗೆ ಕಳಿಸಿದ ದಿನ ನನ್ನ ಕೈ ಹಿಡಿದು, "ಯೋನ್ಕಾ, ಇದೊಂದನ್ನ ಬಿಡ್ಬೇಡ" ಎಂದಳು. ಬಿಡಲಿಲ್ಲ. ಒಳಗಿರುವುದು ಕೆಟ್ಟಿದ್ದರೆ ಮುಚ್ಚಳ ಉಬ್ಬುತ್ತದೆ. ಉಬ್ಬದೆ ಉಳಿದರೆ ಆ ಬೇಯಿಕೆಯ ಪೆಟ್ಟಿಗೆಗಳ ಮೇಲೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆಯುತ್ತೇನೆ. ಸೊನ್ನೆ ಕಾಣದೆ ದಿಮ್ಚೊ ಲಾರಿ ಹೇರುವುದಿಲ್ಲ. ಇದೆಲ್ಲ ನಿನಗೆ ಗೊತ್ತಿರುವುದೇ, ಮುದುಕಿಯ ಹರಟೆ.

ಅಂದಹಾಗೆ ನಾನು ಹಳದಿ ವೃತ್ತವೋ! ನಿನ್ನ ಮಾವ ಬದುಕಿದ್ದರೆ, ಕೊನೆಗೂ ನಿನ್ನ ಆಕಾರ ಸರಿಯಾಗಿ ಕಂಡುಹಿಡಿದರು ಅನ್ನುತ್ತಿದ್ದ.

ನಿನ್ನ ಅತ್ತೆ
ಯೋನ್ಕಾ


ಸೋಫಿಯಾ
28 ಜೂನ್ 2010

ಪ್ರೀತಿಯ ಅತ್ತೆಗೆ,

ಹತ್ತಿರ ಹತ್ತಿರ ಮೂರು ತಿಂಗಳು ಬರೆಯಲಿಲ್ಲ, ಬೈಯಬೇಡಿ. ನಕ್ಷೆ ಮುಗಿಯಿತು. ಕೊನೆಗೆ ಪಟ್ಟಿಯನ್ನು ಮುಚ್ಚಿದೆವು. ಮುಚ್ಚುವುದೆಂದರೆ, ಜಾಡಿ ಹೊರಡುವ ಮುನ್ನ ಇರುವ ಹೆಜ್ಜೆಗಳು ಇವಿಷ್ಟೇ, ಇನ್ನೇನೂ ಇಲ್ಲ ಎಂದು ಯಂತ್ರಕ್ಕೆ ಹೇಳುವುದು. ಮುಚ್ಚದಿದ್ದರೆ ಅದು 'ಇನ್ನೂ ಏನೋ ಇರಬಹುದು' ಎಂದು ಅನುಮಾನಿಸುತ್ತ ಯಾವ ತೀರ್ಮಾನವನ್ನೂ ಕೊಡುವುದಿಲ್ಲ.

ಮುಚ್ಚಿದ ಮೇಲೆ ತೀರ್ಮಾನ ಬಂತು. ನಿಮ್ಮ ಗೋದಾಮಿನಲ್ಲಿ ಸರಕು ಹದಿನಾಲ್ಕು ದಿನ ಸುಮ್ಮನೆ ಬಿದ್ದಿರುತ್ತದೆ, ಆ ಕಾಲದಲ್ಲಿ ಯಾರೂ ಏನೂ ಮಾಡುವುದಿಲ್ಲ ಎಂದು ಕೆಂಪು ಗೆರೆ ಎಳೆದು ತೋರಿಸಿತು. ಮುಖ್ಯ ಕಚೇರಿಯವರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಸೆಪ್ಟೆಂಬರಿನಿಂದ ಹೊಸ ಪದ್ಧತಿ ಬರುತ್ತದೆ. ಗೋದಾಮಿನಲ್ಲಿ ಒಂದು ಪರದೆ ಇಡುತ್ತಾರೆ, ಅದು 'ಸಿದ್ಧ' ಎಂದರೆ ಲಾರಿ ಹೊರಡಬಹುದು.

ನನ್ನನ್ನು ತಂಡದ ಮುಖ್ಯಸ್ಥೆಯಾಗಿ ಮಾಡಿದ್ದಾರೆ. ಸಂತೋಷಪಡಿ.

ಇಲ್ಲಿ ವಿಪರೀತ ಸೆಕೆ.

ನಿಮ್ಮ
ನೆವೆನಾ


ಗೊರ್ನೊಪೊಲೆ
12 ಸೆಪ್ಟೆಂಬರ್ 2010

ಪ್ರೀತಿಯ ನೆವಿ,

ನೀನು ಮುಖ್ಯಸ್ಥೆ ಆದದ್ದನ್ನು ಇಡೀ ಬೀದಿಗೆ ಹೇಳಿ ಮುಗಿಸಿದ್ದೇನೆ. ಈಗ ಒಂದು ದೂರು.

ಪರದೆ ಬಂತು. ನಿನ್ನೆ ನೋಡಿದರೆ ಬುಧವಾರದ ಬೇಯಿಕೆ ಗೋದಾಮಿನಲ್ಲೇ ಇಲ್ಲ. ದಿಮ್ಚೊನನ್ನು ಹಿಡಿದುಕೊಂಡೆ.

"ಸೊನ್ನೆ ಎಲ್ಲೋ ಇತ್ತು? ನಾನು ಹಾಕೇ ಇಲ್ವಲ್ಲ!"

"ಯೋನ್ಕಾ, ಪರದೆ ಹಸಿರಾಯ್ತು, ಹೇರಿದೆ. ಸೀಮೆಸುಣ್ಣದ ಕಾಲ ಹೋಯ್ತು ಅಂತ ಕರಾಜೋವ್ ಎಲ್ರ ಎದುರಿಗೇ ಅಂದ್ರು. ನನ್ ಹೊಟ್ಟೆ ಮೇಲೆ ಹೊಡೀಬೇಡ."

ಕರಾಜೋವನ ಹತ್ತಿರ ಹೋದೆ. ಆತ ಕುರ್ಚಿಯಿಂದ ಏಳದೆ, "ನಿಮ್ಮ ತಮ್ಮನ ಮಗಳೇ ಮಾಡಿದ ಪದ್ಧತಿ ಅಲ್ವೇನಮ್ಮ? ಅವ್ರ ಪಟ್ಟಿಯಲ್ಲಿ ಬೆಂಚೂ ಇಲ್ಲ, ಜಾಡಿನೂ ಇಲ್ಲ. ಇದ್ದಿದ್ರೆ ಬರೀತಿರ್ಲಿಲ್ವಾ?" ಎಂದ.

ತಪ್ಪು ನನ್ನದೇ. ನೀನು ಪಟ್ಟಿ ಕೇಳಿದಾಗ ನಾನು ಬಾಣಂತಿಯರನ್ನು ಬರೆಯಲಿಲ್ಲ. ಕೆಲಸ ಎಂದರೆ ಕೈಯಾಡಿಸುವುದು ಎಂದುಕೊಂಡಿದ್ದೆ. ಕೂತು ಕಾಯುವುದನ್ನೂ ಕೆಲಸ ಎಂದು ಬರೆಯುತ್ತಾರೆ ಎಂದು ನನಗೇನು ಗೊತ್ತು? ಈಗಲಾದರೂ ನಿನ್ನ ಯಂತ್ರಕ್ಕೆ ಹೇಳುತ್ತೀಯಾ, ನೆವಿ? ಒಂದು ಸಾಲು ಸೇರಿಸಿದರೆ ಸಾಕಲ್ಲ. ಹಂಗಾಮು ಈಗಷ್ಟೇ ಶುರುವಾಗಿದೆ, ದಿನಕ್ಕೆ ಒಂಬತ್ತು ಬೇಯಿಕೆ ಇಳಿಯುತ್ತಿದೆ. ಬೇಗ ಬರೆ.

ನಾನಂತೂ ಎರಡೆರಡು ಜಾಡಿ ಕೂರಿಸುವುದನ್ನು ಬಿಟ್ಟಿಲ್ಲ. ಕರಾಜೋವ್ ಬಂದರೆ ಸ್ಪಾಸ್ ತನ್ನ ಕೋಟನ್ನು ಅವುಗಳ ಮೇಲೆ ಎಸೆಯುತ್ತಾನೆ.

ನಿನ್ನ ಅತ್ತೆ
ಯೋನ್ಕಾ


ಗೊರ್ನೊಪೊಲೆ
3 ಅಕ್ಟೋಬರ್ 2010

ನೆವಿ,

ನನ್ನ ಕಾಗದ ಸಿಕ್ಕಿತೇ? ಅಂಚೆಯ ಹುಡುಗಿಯನ್ನು ದಿನಾ ಕೇಳಿ ಕೇಳಿ ಅವಳೀಗ ನನ್ನ ಮನೆಯ ಮುಂದೆ ಬಂದರೆ ಸೈಕಲ್ ಜೋರಾಗಿ ತುಳಿಯುತ್ತಾಳೆ. ಎರಡನೆಯ ಹಂಡೆಯ ಮುಳ್ಳು ಮತ್ತೆ ಮುನಿಸಿಕೊಂಡಿದೆ. ರಿಪೇರಿಗೆ ಬರೆದುಕೊಟ್ಟಿದ್ದೇನೆ.

ಮೈಗೆ ಹುಷಾರಿಲ್ಲವೇ?

ಅತ್ತೆ


ಗೊರ್ನೊಪೊಲೆ
17 ಅಕ್ಟೋಬರ್ 2010

ನೆವಿ,

ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಂಡು ಓದು.

ಒಂಬತ್ತನೆಯ ತಾರೀಖು, ಶನಿವಾರ, ಬೆಳಗಿನ ಕಾಫಿ ಹಿಡಿದುಕೊಂಡು ಬೆಂಚಿನ ಹತ್ತಿರ ಹೋದೆ. ಮೂವತ್ತನೆಯ ತಾರೀಖಿನ ಬೇಯಿಕೆ, ಎರಡನೆಯ ಹಂಡೆಯದು. ಎರಡರಲ್ಲಿ ಒಂದರ ಮುಚ್ಚಳ ಉಬ್ಬಿತ್ತು. ಬೆರಳಲ್ಲಿ ಒತ್ತಿದೆ, ಇಳಿಯಲಿಲ್ಲ. ಕಾಫಿ ಎಲ್ಲಿ ಇಟ್ಟೆನೋ ಇವತ್ತಿಗೂ ಗೊತ್ತಿಲ್ಲ. ಜಾಡಿಯನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಗೋದಾಮಿಗೆ ಓಡಿದೆ. ಅರವತ್ತೆರಡು ವರ್ಷದ ಹೆಂಗಸು ಓಡುವುದನ್ನು ನೋಡಿ ಕಾಯಿ ಆರಿಸುವವರೆಲ್ಲ ಎದ್ದುನಿಂತರು. ಆ ಬೇಯಿಕೆ ಎರಡನೆಯ ತಾರೀಖೇ ಹೋಗಿತ್ತು. ವಾರವಾಗಿತ್ತು, ನೆವಿ. ಅಂಗಡಿಗಳಲ್ಲಿ ಇತ್ತು.

ಕರಾಜೋವನ ಮೇಜಿನ ಮೇಲೆ ಜಾಡಿ ಇಟ್ಟೆ. "ಇದ್ನ ಯಾಕ್ ಇಟ್ಕೊಂಡಿದ್ರಿ? ಯಾರ್ ಹೇಳಿದ್ರು?" ಎಂದು ಮೊದಲು ಕೇಳಿದ್ದು ಅದನ್ನೇ. "ಅಂಗಡಿಗಳಿಗೆ ಫೋನ್ ಮಾಡಿ ಸ್ವಾಮಿ, ಆಮೇಲೆ ನನ್ನ ನೇಣಿಗೆ ಹಾಕಿ" ಎಂದೆ. ಸೋಮವಾರ ಮುಖ್ಯ ಕಚೇರಿಯವರನ್ನು ಕೇಳುತ್ತೇನೆ ಎಂದ. ಮಂಗಳವಾರ ಫೋನ್ ಹೋಯಿತು.

ಗುರುವಾರ ಸುದ್ದಿ ಬಂತು. ಲಿಪೊವೊದಲ್ಲಿ ನಮ್ಮ ಜಾಡಿಯದನ್ನು ತಿಂದ ಗಂಡ ಹೆಂಡತಿ ಆಸ್ಪತ್ರೆ ಸೇರಿದ್ದಾರೆ. ಗಂಡ ಅತಾನಾಸ್, ರೊಟ್ಟಿಗೆ ಒಂದು ಚೂರು ಸವರಿಕೊಂಡಿದ್ದನಂತೆ, ಎದ್ದು ಕೂತಿದ್ದಾನೆ. ಹೆಂಡತಿ ತೆಮೆನುಜ್ಕಾ, ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದ ಟೀಚರ್. ಅವಳಿಗೆ ಕಣ್ಣುರೆಪ್ಪೆ ಎತ್ತಲಾಗುತ್ತಿಲ್ಲ, ಉಸಿರಿಗೆ ಯಂತ್ರ ಹಾಕಿದ್ದಾರೆ.

ಲಾರಿಯ ಮುಂದೆ ಅಡ್ಡ ಮಲಗಬೇಕಿತ್ತು. ಸೆಪ್ಟೆಂಬರಿನಲ್ಲೇ ಮಲಗಬೇಕಿತ್ತು. ನಿನ್ನ ಕಾಗದ ಬರಲಿ ಎಂದು ಕಾದೆ.

ಅತ್ತೆ


ಸೋಫಿಯಾ
22 ಅಕ್ಟೋಬರ್ 2010

ಅತ್ತೆಗೆ,

ಎಲ್ಲ ಕಾಗದಗಳೂ ಸಿಕ್ಕಿವೆ. ಈ ವಿಷಯದಲ್ಲಿ ಯಾರಿಗೂ ಏನನ್ನೂ ಬರೆಯಬಾರದೆಂದು ನಮ್ಮ ಕಂಪನಿಯ ವಕೀಲರು ಹೇಳಿದ್ದಾರೆ. ಇದನ್ನು ಆಫೀಸಿನ ಹೊರಗೆ, ಟ್ರಾಮ್ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ.

ತನಿಖೆಯವರು ಬಂದಿದ್ದರೇ? ಬೆಂಚಿನ ಬಗ್ಗೆ ಏನು ಹೇಳಿದಿರಿ? ನನ್ನ ಬಗ್ಗೆ ಕೇಳಿದರೇ?

ಆಕೆ ಹೇಗಿದ್ದಾರೆ?

ನೆ.


ಗೊರ್ನೊಪೊಲೆ
19 ಡಿಸೆಂಬರ್ 2010

ಪ್ರೀತಿಯ ನೆವಿ,

ತೆಮೆನುಜ್ಕಾ ನವೆಂಬರ್ ಆರರಂದು ತೀರಿಕೊಂಡಳು. ನೀನು ಪತ್ರಿಕೆಯಲ್ಲಿ ಓದಿರಬಹುದು. ಅವಳ ತಂಗಿಯ ಮನೆ ನಮ್ಮ ಊರಿನಲ್ಲೇ ಇದೆ, ಹಾಗಾಗಿ ಸಾವಿನ ಚೀಟಿಯನ್ನು ಕಾರ್ಖಾನೆಯ ಗೇಟಿಗೂ ಅಂಟಿಸಿದ್ದರು. ಮೊನ್ನೆ ನಲವತ್ತನೇ ದಿನದ ನೆನಪಿನ ಚೀಟಿಯನ್ನು ಅದರ ಪಕ್ಕದಲ್ಲೇ ಅಂಟಿಸಿ ಹೋದರು. ಫೋಟೊದಲ್ಲಿ ಕೊರಳಿಗೆ ಸಣ್ಣ ಸ್ಕಾರ್ಫ್ ಕಟ್ಟಿಕೊಂಡಿದ್ದಾಳೆ, ಈಗಷ್ಟೇ ಯಾರೋ ನಗಿಸಿದಂತೆ ಇದ್ದಾಳೆ. ಕರಾಜೋವ್ ಕೀಳಿಸಲು ಹೊರಟಿದ್ದ. ಸ್ಪಾಸ್ ಬಾಯ್ಲರಿನ ಸಲಿಕೆ ಹಿಡಿದುಕೊಂಡು ಗೇಟಿನ ಹತ್ತಿರ ಹೋಗಿ ನಿಂತ, ಅಷ್ಟೇ. ಚೀಟಿ ಅಲ್ಲೇ ಉಳಿಯಿತು.

ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಆದರೂ ಬೆಳಿಗ್ಗೆ ಅಲ್ಲಿಯ ತನಕ ನಡೆದು ಹೋಗಿ ಅವಳನ್ನು ನೋಡಿ ಬರುತ್ತೇನೆ.

ತನಿಖೆಯವರು ನಾಲ್ಕು ಸಲ ಕರೆಸಿದರು. ಅವರ ಕೈಯಲ್ಲಿ ನಿನ್ನ ಪದ್ಧತಿಯ ದೊಡ್ಡ ಹಾಳೆ ಇತ್ತು. ಲಾರಿ ಹೊರಡುವ ಮುನ್ನ ಜಾಡಿ ಮುಟ್ಟಿದ ಕೊನೆಯ ಜವಾಬ್ದಾರಿ ಯಾರದು ಎಂದರೆ, ಅದರಲ್ಲಿ ನನ್ನ ಹೆಸರಿದೆ. ಹಂಡೆಯ ಮುಳ್ಳು ನಿಂತು ಬಿಸಿ ಸಾಲದೆ ಹೋದದ್ದನ್ನು ನಾನು ನೋಡಲಿಲ್ಲ ಎಂಬುದೂ ನಿಜ. ಅವತ್ತು ಐದು ಸಲ ತಟ್ಟಿದ್ದೆ, ಆರನೆಯ ಸಲ ತಟ್ಟಲಿಲ್ಲ.

"ಈ ಹದಿನಾಲ್ಕು ದಿನದ ವಿಷ್ಯ ಪದ್ಧತಿ ಮಾಡಿದವ್ರಿಗೆ ಹೇಳಿದ್ರಾ?" ಎಂದು ಕೇಳಿದರು.

"ಇಲ್ಲ," ಎಂದೆ.

"ಅವ್ರಿಗೆ ಗೊತ್ತಿರ್ಲಿಲ್ವಾ? ನಿಮ್ ತಮ್ಮನ ಮಗಳಂತಲ್ಲ."

"ಅವ್ಳು ಅಲ್ಲಿ ಕೂತಿದ್ದಾಗ ಎಂಟು ವರ್ಷದ ಮಗು, ಸಾರ್. ಎಂಟು ವರ್ಷದವ್ರಿಗೆ ಏನ್ ನೆನಪಿರತ್ತೆ? ನಾನು ಮುಚ್ಚಿಟ್ಟೆ, ಬರ್ಕೊಳ್ಳಿ."

ಬರೆದುಕೊಂಡರು, ಸಹಿ ಹಾಕಿದೆ. ನನ್ನ ಎರಡು ಕಾಗದಗಳು ನಿನ್ನ ಹತ್ತಿರ ಇವೆ, ಏಪ್ರಿಲಿನದು ಮತ್ತು ಸೆಪ್ಟೆಂಬರಿನದು. ಒಲೆಗೆ ಹಾಕು. ಏಪ್ರಿಲಿನದನ್ನು ನೀನು ಹರಟೆ ಎಂದು ಓದಿ ಮರೆತಿರುತ್ತೀಯ, ನಾನೇ ಹಾಗೆ ಬರೆದಿದ್ದೆ. ಸೆಪ್ಟೆಂಬರಿನದು ಬರುವ ಹೊತ್ತಿಗೆ ನಿನ್ನ ಕೈಮೀರಿರಬೇಕು, ಅದಕ್ಕೇ ಉತ್ತರ ಬರೆಯಲು ಸಂಕೋಚವಾಗಿದೆ ನಿನಗೆ. ನಾನು ಅಷ್ಟು ತಿಳಿಯದವಳಲ್ಲ.

ನೀನು ಗೊತ್ತಿದ್ದು ಮಾಡಿದವಳಲ್ಲ. ಇದೊಂದು ನನಗೆ ಸಾಕು, ಇದನ್ನು ಹಿಡಿದುಕೊಂಡೇ ನಿದ್ದೆ ಮಾಡುತ್ತೇನೆ. ನಿನ್ನ ಮುಂದೆ ಇಡೀ ಆಯುಷ್ಯ ಇದೆ, ನನ್ನದು ಬೆಂದು ಆರಿದ್ದಾಯಿತು.

ಹಬ್ಬಕ್ಕೆ ಬರಬೇಡ. ಜನ ನೋಡುತ್ತಾರೆ.

ನಿನ್ನ ಅತ್ತೆ
ಯೋನ್ಕಾ


ಸೋಫಿಯಾ
12 ಫೆಬ್ರವರಿ 2011

ಪ್ರೀತಿಯ ಅತ್ತೆಗೆ,

ಕಾಗದಗಳನ್ನು ಸುಡಲಿಲ್ಲ. ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೋದ ವಾರ ಪ್ಲೊವ್ದಿವ್‌ಗೆ ಹೋಗಿದ್ದೆ. ಹೋಗಲು ಏಳು ವಾರ ಹಿಡಿಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ನ್ಯಾಯಾಲಯದ ಕಿಟಕಿಯಲ್ಲಿ ಕೂತಿದ್ದ ಹೆಂಗಸು ನಿಮ್ಮ ಹೆಸರು ಕೇಳಿ ಪುಸ್ತಕ ತಿರುವಿದಳು. "ಆ ಕೇಸಾ? ಈ ತಿಂಗಳು ಎರಡನೇ ತಾರೀಖೇ ಮುಗೀತಲ್ಲಮ್ಮ. ಎಲ್ಲಾ ಒಪ್ಕೊಂಡುಬಿಟ್ರು, ಇನ್ನೇನಿದೆ? ಎರಡು ವರ್ಷ, ಜೈಲಿಗೆ ಹೋಗೋ ಹಾಗಿಲ್ಲ, ಆದ್ರೆ ಇನ್ಮೇಲೆ ಯಾವ ಕಾರ್ಖಾನೆಯಲ್ಲೂ ಹಂಡೆ ಮುಟ್ಟೋ ಹಾಗಿಲ್ಲ" ಎಂದಳು. ನನ್ನ ಹತ್ತಿರ ಹೇಳುವುದಿದೆ, ಕಾಗದಗಳಿವೆ ಎಂದೆ. "ಫೈಲು ಮುಚ್ಚಿದೆ. ಇನ್ನು ಏನೂ ಸೇರಿಸೋಕೆ ಬರಲ್ಲ. ಬೇಕಿದ್ರೆ ವಕೀಲರನ್ನ ಹಿಡಿದು ಹೊಸದಾಗಿ ಅರ್ಜಿ ಹಾಕಿ" ಎಂದು ಹೇಳಿ ಮುಂದಿನವರನ್ನು ಕರೆದಳು. ಅರ್ಜಿ ಹಾಕುತ್ತೇನೆ. ಆದರೆ ಅದಕ್ಕೂ ಮುಂಚೆ ನಿಮಗೆ ಹೇಳಬೇಕಾದದ್ದು ಇದೆ. ಯಾವ ಬಾಗಿಲಲ್ಲಿ ಹೇಳಿದರೂ, ನಿಮಗೆ ಹೇಳದೆ ಉಳಿದರೆ ಅದು ಹೇಳಿದಂತಾಗುವುದಿಲ್ಲ.

ನಾನು ಮರೆತಿರಲಿಲ್ಲ.

ಜೂನ್ ಹತ್ತರಂದು, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ, ನಿಮ್ಮ ಏಪ್ರಿಲಿನ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಆ ಹೆಜ್ಜೆಯನ್ನು ನಕ್ಷೆಗೆ ಸೇರಿಸಿದೆ. ಎರಡು ಜಾಡಿ, ಹದಿನಾಲ್ಕು ದಿನ, ಬಾಯ್ಲರಿನ ಹಿಂದೆ. ಮಾಡುವವರು: ಯೋನ್ಕಾ. ಪರಿಶೀಲಿಸಲು ಗುಂಡಿ ಒತ್ತಿದೆ. ನಕ್ಷೆ ಇಡಿಯಾಗಿ ಕೆಂಪಾಯಿತು. ಬೇಯಿಸುವವರು ಪರೀಕ್ಷಿಸುವವರಾಗಕೂಡದು ಎಂದು ನಾನೇ ಬರೆದ ನಿಯಮವಿತ್ತಲ್ಲ. ಇಂಥ ವ್ಯಕ್ತಿ ಇರುವುದು ಸಾಧ್ಯವಿಲ್ಲ ಎಂದು ಯಂತ್ರ ಹೇಳಿತು. ನಿಮ್ಮ ಹೆಸರಿನ ಎದುರಿಗೇ ಹಾಗೆ ಬರೆದಿತ್ತು, ಅತ್ತೆ.

ಮುಖ್ಯ ಕಚೇರಿಯವರ ಜೊತೆ ಜಗಳವಾಡಿ ನಿಯಮವನ್ನು ಸಡಿಲಿಸಬಹುದಿತ್ತು. ಅಥವಾ ನಿಮಗೆ ಒಂದು ಸಾಲು ಬರೆದು, ಈ ಜಾಡಿಗಳನ್ನು ಬೇರೆ ಯಾರಾದರೂ ನೋಡಿಕೊಳ್ಳಬಹುದೇ ಎಂದು ಕೇಳಬಹುದಿತ್ತು. ಮಾರನೆಯ ದಿನ ಅವರ ಮುಂದೆ ನಕ್ಷೆ ತೋರಿಸುವುದಿತ್ತು. ನಾನು ಆ ಹೆಜ್ಜೆಯನ್ನು ಅಳಿಸಿದೆ. ಎಲ್ಲವೂ ಹಸಿರಾಯಿತು. ಆಮೇಲೆ ಪಟ್ಟಿಯನ್ನೂ ಮುಚ್ಚಿ, ಕೆಳಗೆ ಹೋಗಿ ಬೀನ್ಸ್ ಸೂಪು ಕುಡಿದು ಬಂದೆ. ರುಚಿಯಾಗಿತ್ತು ಎಂಬುದೂ ನೆನಪಿದೆ.

ಸೆಪ್ಟೆಂಬರಿನ ಕಾಗದ ಬಂದಾಗ ಕೈಮೀರಿರಲಿಲ್ಲ. ಅರ್ಧ ದಿನದ ಕೆಲಸ. ಆದರೆ ಸೇರಿಸಿದ್ದರೆ, ಜೂನಿನಲ್ಲಿ ಯಾಕೆ ಅಳಿಸಿದೆ ಎಂದು ಕೇಳುತ್ತಿದ್ದರು. ಏನು ಉತ್ತರ ಬರೆಯಲಿ ಎಂದು ಯೋಚಿಸುತ್ತ ಯೋಚಿಸುತ್ತ ನಿಮ್ಮ ಅಕ್ಟೋಬರಿನ ಕಾಗದ ಬಂದುಬಿಟ್ಟಿತು. ಯಾವಾಗ ಸೇರಿಸಿದ್ದು, ಯಾವಾಗ ಅಳಿಸಿದ್ದು ಎಂಬ ಗುರುತು ಕಂಪ್ಯೂಟರಿನಲ್ಲಿ ಇವತ್ತಿಗೂ ಇದೆ. ಯಾರೂ ಕೇಳಲಿಲ್ಲ.

ಪ್ಲೊವ್ದಿವ್‌ನಿಂದ ಎರಡು ದಿನ ಬಿಟ್ಟು, ಭಾನುವಾರ, ಲಿಪೊವೊಗೆ ಬಸ್ಸು ಹಿಡಿದೆ. ಅವತ್ತು ಆರನೆಯ ತಾರೀಖು, ಬಾಗಿಲಲ್ಲಿ ಮೂರು ತಿಂಗಳ ಚೀಟಿ ಅಂಟಿಸಿದ್ದರು, ಅಂಟು ಇನ್ನೂ ಹಸಿ. ಅತಾನಾಸ್ ಅವರೇ ಬಾಗಿಲು ತೆರೆದರು. ಎಡಗಣ್ಣಿನ ರೆಪ್ಪೆ ಇನ್ನೂ ಪೂರ್ತಿ ಎತ್ತಲಾಗುವುದಿಲ್ಲ ಅವರಿಗೆ. ಒಳಗೆ ಪಿಯಾನೊ ಮೇಲೆ ಗೋಧಿಯ ತಟ್ಟೆ ಇತ್ತು, ನೆನಪಿಗೆ ಹಂಚುವುದು. ನಿಂತುಕೊಂಡೇ ಎಲ್ಲ ಹೇಳಿದೆ, ಜೂನಿನಿಂದ ಸೆಪ್ಟೆಂಬರಿನ ತನಕ.

ಅವರು ಗೋಧಿಯ ತಟ್ಟೆಯನ್ನು ಪಿಯಾನೊದ ಇನ್ನೊಂದು ತುದಿಗೆ ಸರಿಸಿದರು. ಆಮೇಲೆ, "ಆ ಹಂಡೆಯಮ್ಮ ಪ್ರತಿ ಶನಿವಾರ ಬರ್ತಾರೆ. ಸಮಾಧಿ ಮೇಲಿನ ಎಲೆ ಗುಡಿಸಿ ಹೋಗ್ತಾರೆ. ತಪ್ಪು ನಂದೊಬ್ಳದೇ, ಬೇರೆ ಯಾರಿಗೂ ಗೊತ್ತಿರ್ಲಿಲ್ಲ ಅಂತ ನನ್ನ ಮುಂದೆ ಆಣೆ ಮಾಡಿದಾರೆ. ಈಗ ನೀನು ಬಂದೆ. ನಿಮ್ಮಿಬ್ರಲ್ಲಿ ಯಾರನ್ನ ನಂಬ್ಲಿ?" ಎಂದರು.

"ನನ್ನ ನಂಬಿ," ಎಂದೆ.

"ನಂಬಿ ಏನ್ ಮಾಡ್ಲಮ್ಮ? ಅವ್ರಿಗೆ ಆಗ್ಲೇ ಕ್ಷಮಿಸಿದೀನಿ ಅಂದ್ಬಿಟ್ಟಿದೀನಿ. ನನ್ ಹತ್ರ ಇದ್ದಿದ್ದು ಅದೊಂದೇ." ಬಾಗಿಲು ಹಾಕುವ ಮೊದಲು ಇನ್ನೊಂದು ಕೇಳಿದರು. "ಆ ಹದಿನಾಲ್ಕು ದಿನ ಉಳಿಸಿದ್ರಲ್ಲ, ಅದು ಈಗ ಯಾರ ಹತ್ರ ಇದೆ?"



ಕೆಲಸ ಬಿಟ್ಟಿದ್ದೇನೆ. ನೀವು ಹೇಳಿದರೆ ಇಲ್ಲಿನ ಮನೆ ಖಾಲಿ ಮಾಡಿ ನಿಮ್ಮ ಹತ್ತಿರ ಬಂದು ಇರುತ್ತೇನೆ. ಬಾ ಎನ್ನಿ, ಬೇಡ ಎನ್ನಿ, ಆದರೆ ಏನಾದರೂ ಬರೆಯಿರಿ.

ನಿಮ್ಮ
ನೆವೆನಾ


ಗೊರ್ನೊಪೊಲೆ
1 ಮಾರ್ಚ್ 2011

ನೆವೆನಾ,

ನಿನ್ನ ಕಾಗದ ಹದಿನೈದನೆಯ ತಾರೀಖು ಬಂತು. ಒಂದು ಸಲ ಓದಿದೆ. ಓದಿ, ಮಡಚಿ, ಒಲೆಯ ಹಿಂದಿನ ಹಲಗೆಯ ಮೇಲೆ ಇಟ್ಟೆ. ಹದಿನಾಲ್ಕು ದಿನ ಮುಟ್ಟಲಿಲ್ಲ. ಬೆಚ್ಚಗೆ ಇಟ್ಟರೆ ಒಳಗಿರುವುದು ಹೊರಗೆ ಬರುತ್ತದೆ, ನನಗೆ ಗೊತ್ತಿರುವ ಪರೀಕ್ಷೆ ಅದೊಂದೇ.

ಇವತ್ತು ಮತ್ತೆ ಓದಿದೆ. ಜೂನಿನದನ್ನು ನುಂಗಿಕೊಂಡೆ. ಕೆಲಸದಲ್ಲಿ ಎಲ್ಲರೂ ಎಡವುತ್ತಾರೆ, ನಾನು ಆರನೆಯ ಸಲ ಮುಳ್ಳು ತಟ್ಟಲಿಲ್ಲ. ಸೆಪ್ಟೆಂಬರಿನದು ಗಂಟಲಲ್ಲಿ ಇಳಿಯುತ್ತಿಲ್ಲ. ನಾನು ನಿನ್ನನ್ನು ಕೇಳಿದ್ದೆ. ಒಂದು ಸಾಲು ಬರೆ ಎಂದು ಕೇಳಿದ್ದೆ. ನೀನು ಬರೆಯುತ್ತೀಯ ಎಂದು ನಂಬಿ ಇಪ್ಪತ್ತು ದಿನ ಅಂಚೆಯ ಹುಡುಗಿಯ ದಾರಿ ಕಾದೆ, ಆ ಹೊತ್ತಿನಲ್ಲಿ ನಾನೇ ಹೋಗಿ ಲಾರಿಗೆ ಅಡ್ಡ ನಿಲ್ಲಬಹುದಿತ್ತು. ಹೇಳದೆ ಬಿಟ್ಟದ್ದು 'ಇಲ್ಲ' ಎಂದಲ್ಲ ಎಂದು ಬರೆದವಳು ನೀನೇ. ಅದನ್ನು ನಂಬಿ ಕಾದಿದ್ದೆ.

ನಿನಗೆ ಗೊತ್ತಿರಲಿಲ್ಲ ಎಂದು ತನಿಖೆಯವರ ಮುಂದೆ ಹೇಳಿದೆ, ನ್ಯಾಯಾಧೀಶರ ಮುಂದೆ ಹೇಳಿದೆ, ಅವಳ ಗಂಡನ ಮುಂದೆ ಆಣೆಯಿಟ್ಟು ಹೇಳಿದೆ. ಮೂರು ಕಡೆಯೂ ಸುಳ್ಳಾಯಿತು. ಕಳೆದ ಶನಿವಾರ ಲಿಪೊವೊಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಅರ್ಜಿ ಹಾಕು. ನನ್ನನ್ನು ಬಿಡಿಸಲಿಕ್ಕಲ್ಲ, ಇನ್ನೂ ನಾಲ್ಕು ಕಾರ್ಖಾನೆಗಳಲ್ಲಿ ನಿನ್ನ ಪರದೆ ಇದೆ, ಅದಕ್ಕೆ. ಅಲ್ಲೂ ಯಾವುದೋ ಬಾಯ್ಲರಿನ ಹಿಂದೆ ಯಾವುದೋ ಬೆಂಚು ಇರಬಹುದು. ಹೋಗಿ ಹುಡುಕು. ಕೂತಿರುವ ಹೆಂಗಸರನ್ನು ಕೇಳು, ಸುಮ್ಮನೆ ಇದ್ದಾಗ ಏನು ಮಾಡುತ್ತೀರಿ ಎಂದು.

ಇವತ್ತು ಒಂದನೇ ತಾರೀಖು. ನಿನ್ನ ಮಾರ್ತೆನಿತ್ಸಾ ಈ ವರ್ಷವೂ ಹೊಸೆದಿದ್ದೇನೆ, ಕೈ ಕೇಳಲಿಲ್ಲ. ಆದರೆ ಕಳಿಸುತ್ತಿಲ್ಲ. ಒಲೆಯ ಹಿಂದೆ, ನಿನ್ನ ಕಾಗದದ ಪಕ್ಕದಲ್ಲಿ ಇಟ್ಟಿದ್ದೇನೆ. ಎಷ್ಟು ದಿನ ಅಲ್ಲಿರಬೇಕೋ ನನಗೂ ಗೊತ್ತಿಲ್ಲ. ನಾನಾಗಿ ಬರೆಯುವ ತನಕ ನೀನು ಬರಬೇಡ.

ಯೋನ್ಕಾ